ಹನ್ನೆರಡು ಖಾಲಿ ಪೀರಿಯಡ್

ಚಾಮರಾಜಪೇಟೆಯ ಒಂದು ಅನುದಾನಿತ ಹೈಸ್ಕೂಲಿನಲ್ಲಿ ಗಣಿತ ಹೇಳುತ್ತಿದ್ದ ಚೂಡಾಮಣಿ, ಹತ್ತೊಂಬತ್ತು ವರ್ಷದಿಂದ ಆ ಶಾಲೆಯ ವೇಳಾಪಟ್ಟಿಯನ್ನೂ ಮಾಡುತ್ತಿದ್ದಳು. ಎಂಟು, ಒಂಬತ್ತು, ಹತ್ತು; ಒಂದೊಂದಕ್ಕೂ ಎ, ಬಿ ಎಂದು ಎರಡೆರಡು ವಿಭಾಗ. ಹನ್ನೊಂದು ಜನ ಶಿಕ್ಷಕರು. ಒಂದೊಂದು ತರಗತಿಗೂ ವಾರಕ್ಕೆ ನಲವತ್ತೈದು ಪೀರಿಯಡ್. ಪ್ರತಿ ಮೇ ತಿಂಗಳಲ್ಲಿ ಅವಳು ಹನುಮಂತನಗರದ ತನ್ನ ಮನೆಯ ಊಟದ ಮೇಜಿನ ಮೇಲೆ ದೊಡ್ಡ ರಟ್ಟು ಹಾಸಿಕೊಂಡು, ಹಳೆಯ ಲಗ್ನಪತ್ರಿಕೆಗಳನ್ನು ಕತ್ತರಿಸಿ ಮಾಡಿದ ಚೀಟಿಗಳನ್ನು ಜೋಡಿಸುತ್ತ ಕೂರುವಳು. ಒಬ್ಬೊಬ್ಬರಿಗೆ ಒಂದೊಂದು ಬಣ್ಣ. ಆ ನಾಲ್ಕು ದಿನ ಗಂಡ ವೆಂಕಟಾಚಲ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಊಟ ಮಾಡುತ್ತಿದ್ದ.

ಅವಳ ಪಟ್ಟಿಯಲ್ಲಿ ಒಂದು ಮನೆಯೂ ಖಾಲಿ ಇರುತ್ತಿರಲಿಲ್ಲ. ಯಾರಿಗೂ ಒಂದು ಪೀರಿಯಡ್ ಹೆಚ್ಚಿಲ್ಲ, ಕಮ್ಮಿಯಿಲ್ಲ. ಜೂನ್ ಮೊದಲ ವಾರ ಹೆಡ್‌ಮಾಸ್ಟರ್ ಪರಮಶಿವಯ್ಯನವರು ಕಾಫಿ ಲೋಟ ಹಿಡಿದುಕೊಂಡು ಸ್ಟಾಫ್ ರೂಮಿಗೆ ಬಂದು ಆ ರಟ್ಟಿನ ಮುಂದೆ ನಿಂತು, "ಸೂಜಿ ತೂರಿಸೋಕೂ ಜಾಗ ಇಲ್ವಲ್ಲ ಮೇಡಂ" ಅನ್ನುವರು. ಚೂಡಾಮಣಿ ತಲೆಯೆತ್ತದೆ ಪುಸ್ತಕ ತಿದ್ದುತ್ತಲೇ ಇರುವಳು. ಆದರೆ ಆ ಒಂದು ಮಾತು ಕೇಳಿದ ಮೇಲೇ ಅವಳಿಗೆ ಹೊಸ ವರ್ಷ ಶುರುವಾದಂತೆ.

ಯಾರಾದರೂ ಒಂದು ದಿನ ರಜೆ ಹಾಕಿದರೆ ಆ ತರಗತಿಯನ್ನು ಪಿ.ಟಿ. ಮೇಷ್ಟ್ರ ಜೊತೆ ಮೈದಾನಕ್ಕೆ ಕಳಿಸುತ್ತಿದ್ದರು. ಮಕ್ಕಳಿಗೆ ಅದು ಖುಷಿಯೇ. ರಜೆ ಹಾಕಿದವರ ಮೇಲೆ ಚೂಡಾಮಣಿಗೆ ಸಿಟ್ಟು ಬರುತ್ತಿತ್ತು. ತನ್ನ ಪಟ್ಟಿಯ ಮೇಲೆ ಅನುಮಾನ ಮಾತ್ರ ಯಾವತ್ತೂ ಬಂದಿರಲಿಲ್ಲ.

ಐವತ್ತೇಳನೆಯ ವಯಸ್ಸಿಗೆ ಅವಳ ಬಲ ಮಂಡಿ ಕೈಕೊಟ್ಟಿತು. ಮೇ ತಿಂಗಳಲ್ಲಿ ಆಪರೇಷನ್ ಆಯಿತು. ಪರಮಶಿವಯ್ಯನವರು ಸೇಬು ತಗೊಂಡು ಮನೆಗೆ ನೋಡಲು ಬಂದರು. ಹೊರಡುವಾಗ ಬಾಗಿಲ ಹತ್ತಿರ ನಿಂತು, "ಈ ಸಲ ಟೈಂ ಟೇಬಲ್ ತಲೆಬಿಸಿ ನಿಮಗೆ ಬೇಡ ಮೇಡಂ. ತೇಜಶ್ರೀಗೆ ಹೇಳಿದೀನಿ, ಅವಳು ನೋಡ್ಕೋತಾಳೆ" ಎಂದರು.

ಚೂಡಾಮಣಿ ಹಾಸಿಗೆಯ ಮೇಲಿಂದಲೇ ನಕ್ಕು, "ಒಳ್ಳೇದಾಯ್ತು ಬಿಡಿ ಸರ್" ಎಂದಳು. ಅವರು ಹೋದಮೇಲೆ ಗಂಡ ಸೇಬು ಹೆಚ್ಚಿಕೊಟ್ಟ. ಬೇಡ ಅಂದಳು.

ತೇಜಶ್ರೀ ಶಾಲೆಗೆ ಬಂದು ಎರಡು ವರ್ಷವಾಗಿತ್ತು. ಮೂವತ್ತೊಂದು ವಯಸ್ಸು, ವಿಜ್ಞಾನದ ಟೀಚರ್. ಹೊಸಕೋಟೆ ಕಡೆಯ ಹಳ್ಳಿಯವಳು. ದಿನಾ ಎರಡು ಬಸ್ಸು ಬದಲಿಸಿ ಮಾರ್ಕೆಟ್ಟಿನಲ್ಲಿಳಿದು ನಡೆದು ಬರುವಳು. ಆ ಎರಡು ವರ್ಷ ಚೂಡಾಮಣಿಗೆ ಅವಳ ಮೇಲೆ ಅಕ್ಕರೆಯೇ ಇತ್ತು. "ಏನೇ ತೇಜು, ತಿಂಡಿ ತಿಂದ್ಯಾ?" ಎಂದು ಕೇಳಿ ತನ್ನ ಡಬ್ಬಿಯ ಚಿತ್ರಾನ್ನದಲ್ಲಿ ಪಾಲು ಕೊಡುವಳು. ಕಿರಿಯವಳೊಬ್ಬಳು ತನ್ನ ಕೈಕೆಳಗೆ ಬೆಳೆಯುತ್ತಿದ್ದಾಳೆ ಎನ್ನುವುದು ಅವಳಿಗೆ ಹಿತವಾಗಿತ್ತು.

ಜೂನ್ ಮಧ್ಯದಲ್ಲಿ ಕೋಲೂರಿಕೊಂಡು ಶಾಲೆಗೆ ಬಂದಾಗ ಗೋಡೆಯ ಮೇಲೆ ರಟ್ಟು ಇರಲಿಲ್ಲ. ಅದರ ಜಾಗದಲ್ಲಿ ಅಚ್ಚುಹಾಕಿದ ಒಂದು ಬಿಳಿ ಹಾಳೆ ಅಂಟಿಸಿದ್ದರು. ಕೆಳಗೆ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ 'ತಯಾರಿಸಿದವರು: ತೇಜಶ್ರೀ ಡಿ.' ಎಂದಿತ್ತು. ಹತ್ತೊಂಬತ್ತು ವರ್ಷದಲ್ಲಿ ಚೂಡಾಮಣಿ ತನ್ನ ಹೆಸರು ಬರೆದವಳಲ್ಲ. ಬರೆಯಬೇಕೆಂದು ಹೊಳೆದೇ ಇರಲಿಲ್ಲ, ಎಲ್ಲರಿಗೂ ಗೊತ್ತಿತ್ತಲ್ಲ.

ಎಲ್ಲರೂ ಅವಳ ಮಂಡಿಯನ್ನು ವಿಚಾರಿಸಿಕೊಂಡರು. ಹಿಂದಿ ಹೇಳುವ ಮೈತ್ರೇಯಿ ಕುರ್ಚಿ ಎಳೆದುಕೊಟ್ಟು, "ನೀವು ಇನ್ನೊಂದು ತಿಂಗಳು ಆರಾಮಾಗಿ ಇದ್ರೂ ನಡೀತಿತ್ತು ಮೇಡಂ. ಈ ಸಲ ಒಂಚೂರೂ ಗಡಿಬಿಡಿ ಇಲ್ಲ, ಎಷ್ಟು ಹಗುರಾಗಿದೆ ಗೊತ್ತಾ" ಎಂದಳು. ಮೈತ್ರೇಯಿ ಒಳ್ಳೆಯ ಮನಸ್ಸಿನಿಂದಲೇ ಅಂದದ್ದು. ಚೂಡಾಮಣಿಗೆ ಮೆಣಸಿನಕಾಯಿ ಕಡಿದಂತಾಯಿತು.

ಹನ್ನೊಂದು ಗಂಟೆಗೆ ಪರಮಶಿವಯ್ಯನವರು ಕಾಫಿ ಲೋಟ ಹಿಡಿದು ಒಳಗೆ ಬಂದರು. "ಬಂದ್ರಾ ಮೇಡಂ, ಸಂತೋಷ" ಎಂದವರೇ ನೇರ ತೇಜಶ್ರೀಯ ಮೇಜಿಗೆ ಹೋಗಿ ಅವಳ ಲ್ಯಾಪ್‌ಟಾಪಿನೊಳಗೆ ಬಗ್ಗಿದರು. ಇಬ್ಬರೂ ಏನೋ ಮಾತಾಡಿಕೊಂಡು ನಕ್ಕರು. ಅವರ ಕೈಯಲ್ಲಿ ಕಾಫಿ ಆರುತ್ತಿತ್ತು. ಚೂಡಾಮಣಿ ಅದನ್ನೇ ನೋಡುತ್ತ ಕೂತಳು.

ಆವತ್ತಿನಿಂದ ಅವಳು ತೇಜಶ್ರೀಯನ್ನು 'ನೀವು' ಎಂದು ಕರೆಯತೊಡಗಿದಳು. ತೇಜಶ್ರೀಗೆ ಅದು ಮೊದಲ ದಿನವೇ ತಿಳಿಯಿತು. 

ಚೂಡಾಮಣಿ ಹೊಸ ಪಟ್ಟಿಯಲ್ಲಿ ತಪ್ಪು ಹುಡುಕಿದಳು. ಒಂದು ಪ್ರತಿ ಮನೆಗೆ ತಗೊಂಡು ಹೋಗಿ, ಕನ್ನಡಕ ಹಾಕಿಕೊಂಡು, ಪೆನ್ಸಿಲ್ ಹಿಡಿದು ಸಾಲುಸಾಲಾಗಿ ನೋಡಿದಳು. ಒಬ್ಬರಿಗೆ ಒಂದೇ ಹೊತ್ತಿನಲ್ಲಿ ಎರಡು ತರಗತಿ ಬಿದ್ದಿದೆಯಾ? ಇಲ್ಲ. ಬೆಳಗಿನ ಮೊದಲ ಪೀರಿಯಡ್ ಆಟಕ್ಕೆ ಹೋಗಿದೆಯಾ? ಇಲ್ಲ. ಕಡೆಗೆ ಸಿಕ್ಕಿದ್ದು ಇಷ್ಟು: ಒಂದೊಂದು ತರಗತಿಗೂ ವಾರದಲ್ಲಿ ಎರಡು ಪೀರಿಯಡ್ 'ಓದು' ಎಂದು ಹಾಕಿತ್ತು. ಅದಕ್ಕೆ ವಿಷಯವಿಲ್ಲ, ಪಾಠವಿಲ್ಲ. ಮಕ್ಕಳು ಹಾಲ್‌ನಲ್ಲಿ ಕೂತು ಬೇಕಾದ್ದು ಓದಿಕೊಳ್ಳುವುದು. ಆರು ತರಗತಿಗೆ ಒಟ್ಟು ಹನ್ನೆರಡು. ಜೊತೆಗೆ, ಪ್ರತಿ ವಿಷಯಕ್ಕೂ ವಾರದಲ್ಲಿ ಒಂದು ದಿನ ಬೇರೊಬ್ಬ ಟೀಚರ್ ಬರುವ ಹಾಗೆ ಮಾಡಿತ್ತು. ಸಮಾಜಕ್ಕೆ ಸಂಸ್ಕೃತ ಮೇಷ್ಟ್ರು, ಇಂಗ್ಲಿಷಿಗೆ ಮೈತ್ರೇಯಿ, ಹೀಗೆ. ಹತ್ತನೆಯ ತರಗತಿಯ ಗಣಿತವೊಂದನ್ನು ಬಿಟ್ಟು. ಅದು ಎಂದಿನಂತೆ ಚೂಡಾಮಣಿಯದೇ.

ಮರುದಿನ ಸ್ಟಾಫ್ ರೂಮಿನಲ್ಲಿ ಎಲ್ಲರೂ ಇದ್ದಾಗ ಕೇಳಿದಳು. "ತೇಜಶ್ರೀ ಅವರೇ, ಈ ಹನ್ನೆರಡು ಪೀರಿಯಡ್ ತುಂಬಿಸೋಕೆ ಮರೆತುಬಿಟ್ರಾ?"

"ಮರೆತಿದ್ದಲ್ಲ ಮೇಡಂ, ಬೇಕಂತಲೇ ಬಿಟ್ಟಿದ್ದು" ಎಂದಳು ತೇಜಶ್ರೀ. "ನಾನು ಮುಂಚೆ ಇದ್ದ ಹಳ್ಳಿ ಶಾಲೇಲಿ ನಾವು ಮೂರೇ ಜನ. ಒಬ್ರಿಗೆ ಟ್ರೈನಿಂಗ್, ಇನ್ನೊಬ್ರಿಗೆ ಎಲೆಕ್ಷನ್ ಡ್ಯೂಟಿ. ಮೂರೂ ಜನ ಇರೋ ದಿನಾನೇ ಇರ್ತಿರ್ಲಿಲ್ಲ. ಮೊದಲ ವರ್ಷ ನಾನೂ ಫುಲ್ ಟೈಟಾಗಿ ಮಾಡಿದ್ದೆ. ಜುಲೈ ಅಷ್ಟೊತ್ತಿಗೆ ಎಲ್ಲ ಕಿತ್ತೋಯ್ತು. ಆಮೇಲಿಂದ ಯಾರು ಬರ್ತಾರೆ ಅಂತ ಯೋಚನೆ ಮಾಡೋದು ಬಿಟ್ಟು, ಯಾರು ಬರಲ್ಲ ಅಂತ ಮೊದಲು ಯೋಚನೆ ಮಾಡ್ತೀನಿ."

"ಇದು ಹಳ್ಳಿ ಶಾಲೆ ಅಲ್ವಲ್ಲ" ಎಂದಳು ಚೂಡಾಮಣಿ.

ತೇಜಶ್ರೀಯ ಮುಖ ಕೊಂಚ ಕೆಂಪಾಯಿತು. ಪುಸ್ತಕ ಎತ್ತಿಕೊಂಡು ತರಗತಿಗೆ ಹೋದಳು. ಅಂದು ಮಧ್ಯಾಹ್ನ ಚೂಡಾಮಣಿಗೆ ತನ್ನ ಮಾತಿನ ಬಗ್ಗೆ ನಾಚಿಕೆಯಾಯಿತು. ಆದರೆ ಸಂಜೆ ಒಂಬತ್ತನೇ ಬಿ ಮಕ್ಕಳು 'ಓದು' ಮುಗಿಸಿ ತೇಜಶ್ರೀಯನ್ನು ಸುತ್ತುವರಿದು, ನಾನು ಇದನ್ನ ಓದಿದೆ ಮಿಸ್, ನಾನು ಅದನ್ನ ಓದಿದೆ ಮಿಸ್ ಎನ್ನುತ್ತ ಗೇಟಿನವರೆಗೂ ಹೋದದ್ದನ್ನು ನೋಡಿದಾಗ ನಾಚಿಕೆ ಹೋಗಿ ಉರಿ ಉಳಿಯಿತು. ಇಪ್ಪತ್ತೆಂಟು ವರ್ಷ ಪಾಠ ಹೇಳಿದರೂ ಅವಳ ಹಿಂದೆ ಗೇಟಿನವರೆಗೆ ಯಾರೂ ಬಂದಿರಲಿಲ್ಲ.

ಜುಲೈ ಕೊನೆಯಲ್ಲಿ ಆಡಳಿತ ಮಂಡಳಿಯ ಕಾರ್ಯದರ್ಶಿ ಶಂಭುಲಿಂಗಪ್ಪನವರು ಶಾಲೆಗೆ ಬಂದರು. ಕಾಟನ್‌ಪೇಟೆಯಲ್ಲಿ ಊದಿನಕಡ್ಡಿಯ ಸಗಟು ವ್ಯಾಪಾರ ಅವರದು. ಮಾತು ಒರಟು, ಶಾಲೆಯ ಮೇಲೆ ಪ್ರೀತಿ. ಹೋದ ವರ್ಷ ಎಸ್ಸೆಸ್ಸೆಲ್ಸಿ ಫಲಿತಾಂಶ ಇಳಿದಿತ್ತೆಂದು ಅವರಿಗೆ ಬೇಸರವಿತ್ತು. ಮಂಡಿ ಹೇಗಿದೆ ಎಂದು ಕೇಳಲು ಚೂಡಾಮಣಿಯ ಹತ್ತಿರ ಬಂದರು. ಸ್ಟಾಫ್ ರೂಮಿನಲ್ಲಿ ಬೇರೆ ಯಾರೂ ಇರಲಿಲ್ಲ.

"ಮಂಡಿ ಪರವಾಗಿಲ್ಲ ಸರ್" ಎಂದ ಅವಳು ಗೋಡೆಯ ಕಡೆ ನೋಡಿದಳು. "ನನಗೆ ಬೇರೆ ಚಿಂತೆ. ಹೇಳಬಾರದು ಅಂದ್ಕೊಂಡಿದ್ದೆ."

"ಹೇಳಿ, ಏನು?"

"ವಾರಕ್ಕೆ ಹನ್ನೆರಡು ಪೀರಿಯಡ್ ಖಾಲಿ ಬಿಟ್ಟಿದಾರೆ. ಮಕ್ಕಳು ಸುಮ್ನೆ ಕೂತಿರ್ತಾರೆ. ಹೊಸಬರು, ಉತ್ಸಾಹ ಇದೆ, ತಪ್ಪು ಅನ್ನಲ್ಲ. ಆದ್ರೆ ಹತ್ತನೇ ಕ್ಲಾಸಿನ ಮಕ್ಕಳನ್ನ ನೋಡಿದ್ರೆ ಹೊಟ್ಟೆ ಉರಿಯತ್ತೆ ಸರ್."

ಹೊಟ್ಟೆ ಉರಿಯುತ್ತಿದ್ದದ್ದು ನಿಜ. ಯಾರನ್ನು ನೋಡಿ ಎಂಬುದಷ್ಟೇ ಸುಳ್ಳು.

ಶಂಭುಲಿಂಗಪ್ಪನವರು ನೇರ ಹೆಡ್‌ಮಾಸ್ಟರ ಕೋಣೆಗೆ ಹೋದರು. ಹತ್ತು ನಿಮಿಷ ಅವರ ಗಟ್ಟಿ ದನಿ ಕಾರಿಡಾರಿಗೆಲ್ಲ ಕೇಳಿಸಿತು. ಅವರು ಹೋದಮೇಲೆ ಪರಮಶಿವಯ್ಯನವರು ಇಬ್ಬರನ್ನೂ ಕರೆಸಿದರು. ನೆಲ ನೋಡುತ್ತ, "ಖಾಲಿ ಪೀರಿಯಡ್ ತುಂಬಿಸಬೇಕಂತೆ. ಚೂಡಾಮಣಿ ಮೇಡಂ, ನೀವೇ ಒಂದ್ಸಲ ನೋಡಿ ಬಿಗಿ ಮಾಡಿಬಿಡಿ. ತೇಜಶ್ರೀ, ಬೇಜಾರು ಮಾಡ್ಕೋಬೇಡಮ್ಮ" ಎಂದರು.

"ಮಾಡಿ ಸರ್. ಆದ್ರೆ ಎರಡನೇ ಟೀಚರ್ ಅನ್ನೋದನ್ನಾದ್ರೂ ಉಳಿಸ್ಕೊಳ್ಳಿ" ಎಂದಳು ತೇಜಶ್ರೀ.

"ನೋಡೋಣ" ಎಂದಳು ಚೂಡಾಮಣಿ.

ಉಳಿಸಲಿಲ್ಲ. ಆ ಶನಿವಾರ ಭಾನುವಾರ ಅವಳು ಮತ್ತೆ ರಟ್ಟು ಹಾಸಿದಳು. ಎರಡು ದಿನ ಮಂಡಿಯ ನೋವೇ ಗೊತ್ತಾಗಲಿಲ್ಲ. ಹನ್ನೆರಡು 'ಓದು' ಹೋಗಿ ಗಣಿತ, ವಿಜ್ಞಾನ ಬಂದವು. ಒಂದು ವಿಷಯಕ್ಕೆ ಒಬ್ಬರೇ ಟೀಚರ್ ಆದರು. ವೆಂಕಟಾಚಲ ತಟ್ಟೆ ಹಿಡಿದು ನಿಂತು, "ಆ ಹುಡುಗಿ ಮಾಡಿದ್ದನ್ನ ನೀನ್ಯಾಕೆ ಕೆಡಿಸ್ತಿದೀಯ?" ಎಂದು ಕೇಳಿದ. "ಕೆಡಿಸ್ತಿಲ್ಲ, ಸರಿ ಮಾಡ್ತಿದೀನಿ" ಎಂದಳು. ಅವನು ಹಾಗೇ ಆಚೆ ಹೋದ.

ಸೋಮವಾರ ಶಾಲೆಯ ಗುಮಾಸ್ತರು ಅದನ್ನು ಕಂಪ್ಯೂಟರಿನಲ್ಲಿ ಹಾಕಿ ಅಚ್ಚು ತೆಗೆದರು. ಮೂಲೆಯಲ್ಲಿ 'ತಯಾರಿಸಿದವರು: ತೇಜಶ್ರೀ ಡಿ.' ಎಂಬ ಸಾಲು ಹಾಗೇ ಇತ್ತು. "ಹೆಸರು ಬದಲಾಯಿಸಲಾ ಮೇಡಂ?" ಎಂದು ಗುಮಾಸ್ತರು ಕೇಳಿದರು. "ಇರಲಿ ಬಿಡಿ, ಪಾಪ" ಎಂದಳು. ತಾನು ಉದಾರವಾಗಿದ್ದೇನೆ ಎಂದೇ ಅಂದುಕೊಂಡಳು.

ಆಗಸ್ಟ್ ಚೆನ್ನಾಗಿಯೇ ನಡೆಯಿತು. ಸೆಪ್ಟೆಂಬರಿನಲ್ಲಿ ಒಂದು ಮಂಗಳವಾರ ಇಲಾಖೆಯಿಂದ ಆದೇಶ ಬಂತು. ಮನೆಮನೆ ಸಮೀಕ್ಷೆಯ ಕೆಲಸಕ್ಕೆ ನಾಲ್ಕು ಜನ ಶಿಕ್ಷಕರು ಬೇಕು, ಒಂದು ತಿಂಗಳು, ನಾಳೆಯಿಂದಲೇ. ಕನ್ನಡ, ಇಂಗ್ಲಿಷ್, ಸಮಾಜ ಹೇಳುವ ಮೂವರು, ಜೊತೆಗೆ ಪಿ.ಟಿ. ಮೇಷ್ಟ್ರು, ಬ್ಯಾಗು ಹೆಗಲಿಗೇರಿಸಿ ಹೊರಟುಬಿಟ್ಟರು. ಹನ್ನೊಂದು ಏಳಾಯಿತು.

"ಎರಡು ದಿನ ಕೊಡಿ ಸರ್, ಸರಿ ಮಾಡ್ತೀನಿ" ಎಂದಳು ಚೂಡಾಮಣಿ.

ಅವಳು ರಟ್ಟನ್ನು ಶಾಲೆಗೇ ತರಿಸಿಕೊಂಡಳು. ನಾಲ್ಕು ಬಣ್ಣದ ಚೀಟಿಗಳನ್ನು ಕಿತ್ತಾಗ ಪಟ್ಟಿಯ ಸುಮಾರು ತೊಂಬತ್ತು ಮನೆ ಖಾಲಿಯಾದವು. ಎಂಟನೇ ಎಗೆ ಮೈತ್ರೇಯಿಯನ್ನು ಹಾಕಿದರೆ ಹತ್ತನೇ ಬಿಯಲ್ಲಿ ಹಿಂದಿ ತಪ್ಪುತ್ತಿತ್ತು. ಹತ್ತನೇ ಬಿಯನ್ನು ಸರಿಮಾಡಿದರೆ ಒಂಬತ್ತರಲ್ಲಿ ಇಬ್ಬರು ಒಂದೇ ಕಡೆ ಸೇರುತ್ತಿದ್ದರು. ಒಂದು ಚೀಟಿ ಅಲ್ಲಾಡಿಸಿದರೆ ಐದು ಉದುರುತ್ತಿದ್ದವು. ಈಗ ಯಾವ ವಿಷಯಕ್ಕೂ ಇನ್ನೊಬ್ಬ ಟೀಚರ್ ಇರಲಿಲ್ಲ. ಸಮಾಜದ ಪಾಠ ಎಲ್ಲಿವರೆಗೆ ಆಗಿದೆ ಎಂದು ಉಳಿದವರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಪಿ.ಟಿ. ಮೇಷ್ಟ್ರೇ ಇಲ್ಲದ ಮೇಲೆ ಮೈದಾನಕ್ಕೂ ಬಿಡುವಂತಿರಲಿಲ್ಲ.

ಬುಧವಾರ ಹೋಯಿತು, ಗುರುವಾರ ಬಂತು. ಕಾರಿಡಾರಿನಲ್ಲಿ ಮೀನಿನ ಮಾರುಕಟ್ಟೆಯ ಗದ್ದಲ. ಪರಮಶಿವಯ್ಯನವರು ಒಂದು ಬಾಗಿಲಿಂದ ಇನ್ನೊಂದು ಬಾಗಿಲಿಗೆ ಓಡಾಡಿ ಬೆವೆತಿದ್ದರು. ತೇಜಶ್ರೀ ಎರಡು ತರಗತಿಗಳ ನಡುವಿನ ಬಾಗಿಲು ತೆಗೆಸಿ ಎರಡನ್ನೂ ಒಬ್ಬಳೇ ನೋಡಿಕೊಳ್ಳುತ್ತಿದ್ದಳು. ಚೂಡಾಮಣಿ ರಟ್ಟಿನ ಮುಂದೆ ಕೂತಿದ್ದಳು. ಐದನೇ ಪೀರಿಯಡ್‌ನಲ್ಲಿ, ಟೀಚರ್ ಇಲ್ಲದ ಎಂಟನೇ ಬಿಯಿಂದ ಧಡ್ ಎಂದು ಸದ್ದು ಬಂತು, ಆಮೇಲೆ ಅಳು.

ಯಶಶ್ರೀ ಎಂಬ ಹುಡುಗಿ ಬೆಂಚಿನ ಮೇಲೆ ಹತ್ತಿ ಕಿಟಕಿ ಹಾಕಲು ಹೋಗಿ ಬಿದ್ದಿದ್ದಳು. ಬಲಗೈ ಮಣಿಕಟ್ಟು ಮುರಿದಿತ್ತು. ಚೂಡಾಮಣಿಯೇ ಆಟೋದಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದಳು. ದಾರಿಯುದ್ದಕ್ಕೂ ಆ ಮಗು, "ನಾನು ತುಂಟತನ ಮಾಡ್ತಿರ್ಲಿಲ್ಲ ಮಿಸ್, ಬಿಸಿಲು ಬೋರ್ಡಿನ ಮೇಲೆ ಬೀಳ್ತಿತ್ತು ಅಂತ ಹತ್ತಿದೆ" ಎಂದು ಹೇಳುತ್ತಲೇ ಇತ್ತು.

"ಗೊತ್ತು ಪುಟ್ಟಿ" ಎಂದಳು ಚೂಡಾಮಣಿ.

ಸಂಜೆ ನಾಲ್ಕಕ್ಕೆ ಶಂಭುಲಿಂಗಪ್ಪನವರು ಬಂದರು. ಹುಡುಗಿಯ ತಂದೆ ಅವರಿಗೇ ಫೋನ್ ಮಾಡಿದ್ದರಂತೆ. ಹೆಡ್‌ಮಾಸ್ಟರ ಕೋಣೆಗೆ ಎಲ್ಲರನ್ನೂ ಕರೆಸಿದರು. ಗೋಡೆಯಿಂದ ಕಿತ್ತು ತಂದ ಹಾಳೆ ಅವರ ಕೈಯಲ್ಲಿತ್ತು. ಅದರ ಮೂಲೆಗೆ ಬೆರಳಿಟ್ಟರು.

"ತೇಜಶ್ರೀ ಅಂದ್ರೆ ಯಾರಮ್ಮ? ನೀವಾ? ಇದೇನಾ ನಿಮ್ಮ ಟೈಂ ಟೇಬಲ್ಲು? ನಾಲ್ಕು ಜನ ಹೋದ್ರೆ ಶಾಲೆನೇ ಬಿದ್ದೋಗತ್ತಾ? ಗೊತ್ತಿಲ್ದಿದ್ರೆ ಗೊತ್ತಿರೋರನ್ನ ಕೇಳಬೇಕು. ಹತ್ತೊಂಬತ್ತು ವರ್ಷ ಮಾಡಿದೋರು ಇಲ್ಲೇ ಕೂತಿದಾರೆ."

ಪರಮಶಿವಯ್ಯನವರು ಬಾಯಿ ತೆರೆದು, "ಸರ್, ಅದು ಆಗಸ್ಟಲ್ಲಿ..." ಎಂದರು.

"ನೀವು ಸುಮ್ನಿರಿ ಸ್ವಾಮಿ. ನಿಮ್ಮ ಕಾಲದಲ್ಲೇ ಇದೆಲ್ಲ ಆಗಿದ್ದು."

ತೇಜಶ್ರೀ ಚೂಡಾಮಣಿಯ ಕಡೆ ಒಂದು ಸಲ ನೋಡಿದಳು. ಒಂದೇ ಸಲ. ಆ ನೋಟದಲ್ಲಿ ಬೇಡಿಕೆ ಏನೂ ಇರಲಿಲ್ಲ, ಏನು ಮಾಡ್ತೀರಿ ನೋಡೋಣ ಎಂಬಂತಿತ್ತು.

ಚೂಡಾಮಣಿ ಮಾತಾಡಲಿಲ್ಲ. ಹೆದರಿಕೆ ಇತ್ತು, ನಿಜ. ಆದರೆ ಹೆದರಿಕೆಯ ಜೊತೆ ಇನ್ನೊಂದೂ ಇತ್ತು. 'ಹತ್ತೊಂಬತ್ತು ವರ್ಷ ಮಾಡಿದೋರು' ಎಂಬ ಮಾತು ಕಿವಿಗೆ ಬಿದ್ದಾಗ ಎದೆಯಲ್ಲಿ ಬೆಲ್ಲ ಕರಗಿದಂತಾಯಿತು. ಮಗುವಿನ ಕೈ ಮುರಿದ ದಿನ ತನಗೆ ಹಾಗನಿಸಿತಲ್ಲ ಎಂಬುದನ್ನು ಆಮೇಲೆ ಅವಳು ತನ್ನೊಳಗೆ ಮುಚ್ಚಿಡಲಾರದೇ ಹೋದಳು.

ಮರುದಿನ ಅವಳು ಒಂಬತ್ತಕ್ಕೆ ಬಂದಾಗ ಶಾಲೆ ಶಾಂತವಾಗಿತ್ತು. ಗೋಡೆಯ ಮೇಲೆ ಬೇರೊಂದು ಹಾಳೆ. ಮೈತ್ರೇಯಿ ಹೇಳಿದಳು: "ತೇಜಶ್ರೀ ಎಂಟಕ್ಕೇ ಬಂದ್ಲಂತೆ. ಜೂನ್‌ದು ಅವಳ ಹತ್ರ ಇತ್ತಲ್ಲ, ಅದನ್ನೇ ತಿದ್ದಿದ್ಲು. ನಲವತ್ತು ನಿಮಿಷದಲ್ಲಿ ಆಗೋಯ್ತು ಅಂತ ಹೆಡ್‌ಮಾಸ್ಟ್ರು ಹೇಳ್ತಿದ್ರು."

ನಲವತ್ತು ನಿಮಿಷ. ತಾನು ಎರಡು ದಿನ ಕೂತು ಬಿಡಿಸಲಾರದ್ದು. ಚೂಡಾಮಣಿಗೆ ತಪ್ಪಿತಸ್ಥೆಯೆಂಬ ಭಾವನೆಗಿಂತ ಮೊದಲು ಬಂದದ್ದು ಈ ಲೆಕ್ಕ. ಅದು ಹಲ್ಲುನೋವಿನ ಹಾಗೆ ತಲೆಯವರೆಗೂ ಹೊಡೆಯಿತು. ಬಿಡುವಿದ್ದಾಗ ಹಾಳೆಯ ಮುಂದೆ ನಿಂತಳು.

ನಿಧಾನವಾಗಿ ಅರ್ಥವಾಯಿತು. ಎ ಮತ್ತು ಬಿ ವಿಭಾಗದ 'ಓದು' ಒಂದೇ ಹೊತ್ತಿಗೆ ಇದ್ದವು. ಎರಡೂ ವಿಭಾಗ ಹಾಲ್‌ಗೆ ಬಂದರೆ ಒಬ್ಬ ಟೀಚರ್ ಸಾಕು, ಇನ್ನೊಬ್ಬರು ಬಿಡುವಾಗುತ್ತಾರೆ. ಆ ಬಿಡುವೇ ಎಲ್ಲಿ ಬೇಕಾದರೂ ಹೋಗುವ ಚೀಟಿ. ಭಾಷೆಯ ಪಾಠಗಳಿಗೂ ತೇಜಶ್ರೀ ಈಗ ಎರಡೆರಡು ವಿಭಾಗ ಸೇರಿಸಿ ಹಾಲ್‌ಗೆ ಹಾಕಿದ್ದಳು. ಜೂನ್ ಜುಲೈಯಲ್ಲಿ ಎರಡನೇ ಟೀಚರ್ ಆಗಿ ಹೋಗಿಬರುತ್ತಿದ್ದವರಿಗೇ ಆ ವಿಷಯ ಕೊಟ್ಟಿದ್ದಳು. ಮಕ್ಕಳಿಗೆ ಅವರ ಮುಖ ಹೊಸದಲ್ಲ. ಎಲ್ಲವೂ ಸರಿಹೋಯಿತೆಂದಲ್ಲ. ಸಮಾಜದ ಪಾಠ ಹಿಂದೆ ಬಿತ್ತು, ಹಾಲ್‌ನಲ್ಲಿ ಸೆಕೆ, ಎಲ್ಲರಿಗೂ ಗಂಟಲು ಕಟ್ಟಿತು. ಆದರೆ ಯಾವ ತರಗತಿಯಲ್ಲೂ ಟೀಚರ್ ಇಲ್ಲದ ಹೊತ್ತು ಇರಲಿಲ್ಲ.

ಇದು ತನಗೆ ಯಾಕೆ ಹೊಳೆಯಲಿಲ್ಲ? ಹತ್ತೊಂಬತ್ತು ವರ್ಷ, ಪ್ರತಿ ಮೇ ತಿಂಗಳು, ಎಲ್ಲ ಹೋದ ವರ್ಷದ ಹಾಗೇ ಇರುತ್ತದೆ ಎಂದುಕೊಂಡೇ ಕೂತಿದ್ದಳು. ಹಾಗೆ ಇದ್ದಷ್ಟು ದಿನ ಅವಳ ಪಟ್ಟಿ ಚಂದ.

ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟಮೇಲೆ ಅವಳು ಮನೆಗೆ ಹೋಗಲಿಲ್ಲ. ಆಟೋ ಹತ್ತಿ ಕಾಟನ್‌ಪೇಟೆಗೆ ಹೋದಳು. ಶಂಭುಲಿಂಗಪ್ಪನವರ ಅಂಗಡಿಯ ಮೆಟ್ಟಿಲು ಎತ್ತರ, ಮಂಡಿ ಬಗ್ಗದು. ಕೆಲಸದವನೊಬ್ಬ ಕೈಹಿಡಿದು ಹತ್ತಿಸಿಕೊಂಡ. ಒಳಗೆ ಊದಿನಕಡ್ಡಿಯ ಪೆಟ್ಟಿಗೆಗಳ ಮಧ್ಯೆ ಶಂಭುಲಿಂಗಪ್ಪನವರು ಎದ್ದು ನಿಂತು ಕುರ್ಚಿ ತೋರಿಸಿದರು.

"ಏನು ಮೇಡಂ, ಇಲ್ಲೀತನಕ? ಫೋನ್ ಮಾಡಿದ್ರೆ ನಾನೇ ಬರ್ತಿದ್ನಲ್ಲ."

"ಫೋನಲ್ಲಾದ್ರೆ ಅರ್ಧ ಹೇಳಿ ಇಟ್ಬಿಡ್ತಿದ್ದೆ ಸರ್." ಅವಳು ಕೂತಳು. "ಗುರುವಾರ ನಿಮ್ಮ ಕೈಯಲ್ಲಿದ್ದ ಟೈಂ ಟೇಬಲ್ ನಾನು ಮಾಡಿದ್ದು. ತೇಜಶ್ರೀದಲ್ಲ. ಅವಳು ಮಾಡಿದ್ದು ಜೂನ್‌ದು. ಖಾಲಿ ಇದೆ ಅಂತ ನಿಮ್ಮ ಹತ್ರ ಚಾಡಿ ಹೇಳಿ ತೆಗೆಸಿದ್ದೂ ನಾನೇ. ಅದು ಹಾಗೇ ಇದ್ದಿದ್ರೆ ಆ ಮಗು ಬೀಳ್ತಿರ್ಲಿಲ್ಲ."

ಶಂಭುಲಿಂಗಪ್ಪನವರು ಎದುರು ಕೂತರು. "ಹೆಸರು ಅವರದಿತ್ತಲ್ಲ?"

"ತೆಗೀಲಿಲ್ಲ ನಾನು."

"ಯಾಕೆ?"

ದಾರಿಯುದ್ದಕ್ಕೂ ಈ ಪ್ರಶ್ನೆಗೆ ಅವಳು ಮೂರು ನಾಲ್ಕು ಉತ್ತರ ಕಟ್ಟಿಕೊಂಡು ಬಂದಿದ್ದಳು. ಮಂಡಿನೋವು, ವಯಸ್ಸು, ಫಲಿತಾಂಶದ ಚಿಂತೆ. ಯಾವುದೂ ನಾಲಿಗೆಗೆ ಬರಲಿಲ್ಲ.

"ಹೊಟ್ಟೆಕಿಚ್ಚು ಸರ್" ಎಂದಳು.

ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ನಾನೂ ಒಂದು ಮಾತು ಆ ಹುಡುಗೀನ ಕೇಳಬೇಕಿತ್ತು. ಕೇಳದೆ ಕೂಗಾಡಿದೆ. ಸೋಮವಾರ ಬಂದು ಎಲ್ರ ಮುಂದೆ ಹೇಳ್ತೀನಿ. ನಿಮ್ಮ ವಿಷಯ ನಿಮ್ಮ ಬಾಯಿಂದ್ಲೇ ಬರಲಿ."

ಬಂತು. ಸೋಮವಾರ ಸ್ಟಾಫ್ ರೂಮಿನಲ್ಲಿ ಆರು ಜನರೆದುರು ಚೂಡಾಮಣಿ ಎದ್ದು ನಿಂತು, ಅಂಗಡಿಯಲ್ಲಿ ಹೇಳಿದ್ದನ್ನೇ ಹೇಳಿದಳು. ಶಂಭುಲಿಂಗಪ್ಪನವರು ತೇಜಶ್ರೀಗೆ ಕೈಮುಗಿದು, "ತಪ್ಪಾಯ್ತಮ್ಮ" ಎಂದು ಹೊರಟುಹೋದರು. ಪರಮಶಿವಯ್ಯನವರು, ತಾನೂ ಅಂದು ಬಾಯಿ ಮುಚ್ಚಿಕೊಳ್ಳಬಾರದಿತ್ತು ಎಂದರು. ಯಶಶ್ರೀಯ ಮನೆಗೆ ಚೂಡಾಮಣಿ ಮೊದಲೇ ಹೋಗಿ ಬಂದಿದ್ದಳು. ಅಲ್ಲಿ ತಾಯಿ ಮಾತಾಡಿಸಿದ್ದಳು, ತಂದೆ ಮಾತಾಡಿಸಿರಲಿಲ್ಲ.

ಮಧ್ಯಾಹ್ನ ಊಟದ ಹೊತ್ತಿಗೆ ಅವಳು ತೇಜಶ್ರೀಯ ಮೇಜಿನ ಹತ್ತಿರ ಹೋದಳು.

"ಏನಾದ್ರೂ ಅನ್ನು" ಎಂದಳು.

ತೇಜಶ್ರೀ ಡಬ್ಬಿಯ ಮುಚ್ಚಳ ಹಾಕಿದಳು. "ನನಗೆ ಕೋಪ ಇದೆ ಮೇಡಂ. ನೀವು ಹೇಳಿದ್ದು ಒಳ್ಳೇದಾಯ್ತು, ಆದ್ರೆ ಕೋಪ ಹೋಗಿಲ್ಲ. ಹಳ್ಳಿ ಶಾಲೆ ಅಂದ್ರಲ್ಲ, ಅದೂ ಹೋಗಿಲ್ಲ. ನಿಮ್ಮನ್ನ ನಾನು ಎಷ್ಟು ಹಚ್ಕೊಂಡಿದ್ದೆ ಅಂತ ನಿಮಗೆ ಗೊತ್ತಿತ್ತು."

"ಗೊತ್ತಿತ್ತು."

"ನಾಳೆ ಸರಿಹೋಗ್ತೀನಿ ಅಂತ ಸುಳ್ಳು ಹೇಳಲ್ಲ."

"ಬೇಡ."

ಚೂಡಾಮಣಿ ತಿರುಗಿ ಹೋಗುವಷ್ಟರಲ್ಲಿ ತೇಜಶ್ರೀ ಕರೆದಳು. "ಒಂದು ಕೆಲಸದ ವಿಷಯ ಇದೆ, ಕೂತ್ಕೊಳ್ಳಿ." ಲ್ಯಾಪ್‌ಟಾಪ್ ತೆಗೆದು ತೋರಿಸಿದಳು. "ನನ್ನ ಪಟ್ಟೀಲೂ ಒಂದು ತೂತು ಇದೆ. ಎಲ್ಲಾದಕ್ಕೂ ಇಬ್ಬರು ಇದಾರೆ, ಹತ್ತನೇ ಗಣಿತಕ್ಕೆ ಮಾತ್ರ ನೀವೊಬ್ಬರೇ. ಜೂನಲ್ಲಿ ಹೆಡ್‌ಮಾಸ್ಟ್ರು ಅದನ್ನ ಮುಟ್ಟಬೇಡ ಅಂದ್ರು, ನಿಮಗೆ ಬೇಜಾರಾಗತ್ತೆ ಅಂತ. ಎಡಗಾಲಿನ ಮಂಡಿಗೂ ಆಪರೇಷನ್ ಬೇಕು ಅಂತ ಡಾಕ್ಟ್ರು ಹೇಳಿದಾರಂತಲ್ಲ? ಅದು ಜನವರೀಲಿ ಬಂದ್ರೆ ಆ ಮಕ್ಕಳು ಏನು ಮಾಡ್ಬೇಕು? ಇನ್ನು ಮೂರು ವರ್ಷಕ್ಕೆ ನೀವು ರಿಟೈರ್ ಆದ್ಮೇಲೆ?"

"ಯಾರನ್ನ ಹಾಕ್ಬೇಕು ಅಂತೀಯ?"

"ನನ್ನನ್ನೇ. ವಾರಕ್ಕೊಂದು ಪೀರಿಯಡ್. ಬಿ.ಎಸ್ಸಿ.ಯಲ್ಲಿ ಗಣಿತ ಓದಿದೀನಿ, ಹೇಳಿ ಅಭ್ಯಾಸ ಇಲ್ಲ. ಮೊದಲು ಹಿಂದೆ ಕೂತು ಕೇಳ್ತೀನಿ. ನೀವು ಎಂಟನೇ ಬಿಗೆ ವಿಜ್ಞಾನ ತಗೊಳ್ಳಿ."

ವೇಳಾಪಟ್ಟಿ ಹೋದರೆ ಹೋಗಲಿ. ಹತ್ತನೇ ತರಗತಿಯ ಗಣಿತ ಅಂದರೆ ಚೂಡಾಮಣಿಯೇ. ಆ ಕೋಣೆಗೆ ಅವಳ ಜೊತೆ ಇನ್ನೊಬ್ಬ ಟೀಚರ್ ಕಾಲಿಟ್ಟದ್ದೇ ಇಲ್ಲ. ತನ್ನಿಂದ ಏನೆಲ್ಲ ತಗೋಬೇಕೆಂದಿದ್ದಾಳೆ ಇವಳು ಎಂದು ಮನಸ್ಸು ಹೇಳಿತು. ಆದರೆ ಎಡಮಂಡಿ ಆಗಲೇ ನೋಯುತ್ತಿತ್ತು.

"ಯೋಚನೆ ಮಾಡ್ತೀನಿ" ಎಂದಳು. ಮೂರು ದಿನ ತಗೊಂಡಳು. ನಾಲ್ಕನೇ ದಿನ, "ಬಾ, ಹಿಂದಿನ ಬೆಂಚಲ್ಲಿ ಕೂತ್ಕೋ" ಎಂದಳು.

ದಸರಾ ರಜೆ ಮುಗಿದು, ಸಮೀಕ್ಷೆಗೆ ಹೋದವರೆಲ್ಲ ವಾಪಸ್ಸಾದರು. ಜೂನ್ ತಿಂಗಳ ಪಟ್ಟಿ ಮತ್ತೆ ಗೋಡೆಗೇರಿತು. ತೇಜಶ್ರೀ ಐದು ವಾರ ಹತ್ತನೇ ಎಯ ಹಿಂದಿನ ಬೆಂಚಿನಲ್ಲಿ ಕೂತು ನೋಟ್ಸ್ ಬರೆದುಕೊಂಡಳು. ಮಕ್ಕಳು ಎಲ್ಲಿ ಎಡವುತ್ತಾರೆ ಎಂದು ಅವಳು ಕೇಳಿದಾಗ ಚೂಡಾಮಣಿ ಎಲ್ಲವನ್ನೂ ಹೇಳಿಕೊಟ್ಟಳು. ಮೊದಮೊದಲು ಒಂದೆರಡು ಕಿವಿಮಾತುಗಳನ್ನು ತನ್ನಲ್ಲೇ ಇಟ್ಟುಕೊಂಡಿದ್ದಳು. ಆಮೇಲೆ ಅವನ್ನೂ ಹೇಳಿದಳು.

ನವೆಂಬರಿನ ಒಂದು ಬುಧವಾರ ಮೂರನೇ ಪೀರಿಯಡ್ ತೇಜಶ್ರೀಯದಾಯಿತು. ವರ್ಗ ಸಮೀಕರಣ. ಚೂಡಾಮಣಿ ಎಂಟನೇ ಬಿಗೆ ಹೋಗಬೇಕಾದವಳು ಕಾರಿಡಾರಿನಲ್ಲಿ ಕಂಬದ ಪಕ್ಕ ನಿಂತಳು. ಒಳಗೆ ತೇಜಶ್ರೀ ಒಂದು ಲೆಕ್ಕ ತಪ್ಪಿದಳು. ಒಬ್ಬ ಹುಡುಗಿ ಎದ್ದು ಹೇಳಿದಳು, "ಮಿಸ್, ಮೈನಸ್ ಬಿಟ್ಟಿದೀರ." ತೇಜಶ್ರೀ ಬೋರ್ಡಿನ ಕಡೆ ನೋಡಿ, "ಅಯ್ಯೋ, ಎಲ್ಲಿ ಬೀಳಿಸ್ಬಿಟ್ಟೆ, ಹುಡುಕಿಕೊಡು ಬಾ" ಎಂದಳು. ಇಡೀ ತರಗತಿ ನಕ್ಕಿತು. ಹುಡುಗಿ ಬಂದು ಸೀಮೆಸುಣ್ಣ ತಗೊಂಡು ತಿದ್ದಿದಳು.

ಚೂಡಾಮಣಿಯ ಬೋರ್ಡಿನಲ್ಲಿ ತಪ್ಪು ಆಗುತ್ತಲೇ ಇರಲಿಲ್ಲ. ವರ್ಗ ಸಮೀಕರಣ ಹೇಳುವಾಗ ಯಾರೂ ನಕ್ಕಿರಲಿಲ್ಲ. ಒಳಗೆ ಹೋಗಿ ಸೀಮೆಸುಣ್ಣ ಕಿತ್ತುಕೊಳ್ಳಬೇಕು ಅನಿಸಿತು. ಹಳೆಯ ಉರಿ ಹಾಗೇ ಇತ್ತು, ಒಂದು ಚೂರೂ ಕಮ್ಮಿಯಾಗಿರಲಿಲ್ಲ. ಕಂಬಕ್ಕೆ ಕೈ ಕೊಟ್ಟು ಅದು ಇಳಿಯಲಿ ಎಂದು ಕಾದಳು. ಪೂರ್ತಿ ಇಳಿಯಲಿಲ್ಲ. ಎಂಟನೇ ಬಿಯಲ್ಲಿ ಮಕ್ಕಳು ಕಾಯುತ್ತಿದ್ದರು, ಅಲ್ಲಿ ಟೀಚರ್ ಯಾರೂ ಇರಲಿಲ್ಲ.

ಅವಳು ಕಾಲೆಳೆದುಕೊಂಡು ಆ ಕಡೆ ನಡೆದಳು. ಮಕ್ಕಳು ಎದ್ದು ನಿಂತರು. ಪುಸ್ತಕ ತೆಗೆದು 'ಶಬ್ದ' ಎಂಬ ಪಾಠದ ಮೊದಲ ಪುಟ ಬಿಡಿಸಿದಳು. ಈ ಪಾಠವನ್ನು ಅವಳು ಯಾವತ್ತೂ ಹೇಳಿರಲಿಲ್ಲ.

"ಕೂತ್ಕೊಳ್ಳಿ" ಎಂದಳು. "ಇದು ನನಗೂ ಹೊಸದು. ನಾನು ಎಲ್ಲಾದ್ರೂ ತಪ್ಪಿದ್ರೆ ಹೇಳ್ಬೇಕು."